ಎಲ್ಲದಕ್ಕೂ ನಿಮ್ಮ ‘ಹೂಂ’ ಬೇಕಾ?

ಸಣ್ಣ ಉದ್ಯಮ ನಡೆಸುವವರಿಂದ ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಹರಡಿಕೊಂಡು ಓದಿದಾಗ ನಗು ಬಂತು. ಒಬ್ಬೊಬ್ಬರದು ಒಂದೊಂದು ತಾಪತ್ರಯ. ಆದರೆ ಹೆಚ್ಚಿನ ಪತ್ರಗಳಲ್ಲಿ ದಾರಿಗೆ ಅಡ್ಡ ನಿಂತವರು ಒಬ್ಬರೇ, ಪತ್ರ ಬರೆದವರು! ಬೇಜಾರು ಮಾಡಿಕೊಳ್ಳಬೇಡಿ. ಹದಿನೆಂಟು ವರ್ಷ ಪ್ಯಾಕಿಂಗ್ ಡಬ್ಬಿಗಳ ಯೂನಿಟ್ ನಡೆಸಿದ ನಾನೂ ಹೀಗೇ ಅಡ್ಡ ನಿಂತವಳೇ.

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಕೆಲಸ. 5 ಜನ ಇದ್ದಾಗ ಎಲ್ಲ ಸರಾಗವಾಗಿತ್ತು. ಈಗ 12 ಜನ ಇದ್ದರೂ ಒಂದು ಆರ್ಡರೂ ಹೇಳಿದ ದಿನಕ್ಕೆ ಹೋಗುತ್ತಿಲ್ಲ. ಹುಡುಗರು ರಾತ್ರಿ 9ರವರೆಗೆ ಕೂರುತ್ತಾರೆ, ನಾನು 10ರವರೆಗೆ. ಇನ್ನೂ 3 ಜನರನ್ನು ತೆಗೆದುಕೊಳ್ಳಲಾ?

ಸದ್ಯಕ್ಕೆ ಬೇಡ. ಸುಮ್ನೆ ಒಂದು ಲೆಕ್ಕ ನೋಡಿ. 5 ಜನ ಇದ್ದಾಗ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 10. 12 ಜನರಾದರೆ ಅದು 66. 15 ಜನರಾದರೆ 105. ಜನ ಮೂರು ಪಟ್ಟು, ಗೊಂದಲದ ದಾರಿಗಳು ಹತ್ತು ಪಟ್ಟು. ಸಾಫ್ಟ್‌ವೇರ್ ಕ್ಷೇತ್ರದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಹೇಳಿದ್ದರು: ತಡವಾಗಿರುವ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಯಾಕೆಂದರೆ ಹೊಸಬರಿಗೆ ಹೇಳಿಕೊಡಲು ಹಳಬರೇ ಕೆಲಸ ಬಿಟ್ಟು ಕೂರಬೇಕು.

ಅದರ ಬದಲು ಹೀಗೆ ಮಾಡಿ. ಮುಗಿದ ಹತ್ತು ಆರ್ಡರ್‌ಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಯಾವತ್ತು ಬಂತು, ಯಾವಾಗ ಕೈಗೆತ್ತಿಕೊಂಡಿರಿ, ಎಲ್ಲಿ ಎಷ್ಟು ದಿನ ಸುಮ್ಮನೆ ಬಿದ್ದಿತ್ತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಾನು ಇದನ್ನು ಮಾಡಿದಾಗ ನಾಚಿಕೆಯಾಗಿತ್ತು. ನಮ್ಮಲ್ಲಿ ಒಂದು ಆರ್ಡರ್‌ಗೆ 6 ದಿನ ಹಿಡಿಯುತ್ತಿತ್ತು, ಅದರಲ್ಲಿ ಮೆಷಿನ್ ಮತ್ತು ಕೈಗಳ ಕೆಲಸ ಒಂದೂವರೆ ದಿನ ಕೂಡ ಇರಲಿಲ್ಲ. ಉಳಿದದ್ದು ಕಾಯುವುದು. ಎಲ್ಲಿ ಅಂತೀರಾ? ಜಾಸ್ತಿ ಪಾಲು ನನ್ನ ಟೇಬಲ್ ಮೇಲೆ, ಬಣ್ಣ ಸರಿ ಇದೆಯಾ, ಕಾಗದ ಬದಲಾಯಿಸಬಹುದಾ, ಗ್ರಾಹಕರಿಗೆ ಸ್ವಲ್ಪ ಕಡಿಮೆ ಮಾಡಬಹುದಾ ಅಂತ ನನ್ನ ಒಂದು ‘ಹೂಂ’ಗಾಗಿ.

ಆಮೇಲೆ ಒಂದು ಮಿತಿ ಹಾಕಿದೆ. ಇಷ್ಟು ಮೊತ್ತದವರೆಗೆ ಮರುಮುದ್ರಣವಾಗಲಿ ರಿಯಾಯಿತಿಯಾಗಲಿ, ನನ್ನನ್ನು ಕೇಳಬೇಕಿಲ್ಲ, ಸಂಜೆ ಒಂದು ಸಾಲು ಬರೆದಿಟ್ಟರೆ ಸಾಕು. ಮೊದಲ ತಿಂಗಳು ಎರಡು ತಪ್ಪು ನಿರ್ಧಾರಗಳಾದವು. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಆದರೆ ಆ ಎರಡು ತಪ್ಪಿನ ನಷ್ಟ, ಅದಕ್ಕೆ ಮೊದಲು ಆರ್ಡರ್ ತಡವಾದ್ದರಿಂದ ಕಳೆದುಕೊಂಡ ಒಬ್ಬ ಗ್ರಾಹಕರ ಮುಂದೆ ಏನೂ ಅಲ್ಲ.

ರಾತ್ರಿ 9ರ ವಿಷಯ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್‌ನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಮತ್ತೆ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಹೆಚ್ಚು ಕೂತಷ್ಟು ಹೆಚ್ಚು ಮಾಲು ಬರುತ್ತಿರಲಿಲ್ಲ. 70 ಗಂಟೆ ದುಡಿದಾಗ ತಯಾರಾದದ್ದಕ್ಕೂ 56 ಗಂಟೆಯಲ್ಲಿ ತಯಾರಾದದ್ದಕ್ಕೂ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಅಂದರೆ 14 ಗಂಟೆ ಬರೀ ದಣಿವು. ಮೈಗೂ ಅದು ಒಳ್ಳೆಯದಲ್ಲ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ, 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ನೀವು ಮೊದಲು ಎದ್ದು ಮನೆಗೆ ಹೋಗಿ ನೋಡಿ. ನೀವು ಕೂತಿದ್ದೀರಿ ಅಂತಲೇ ಅರ್ಧ ಜನ ಕೂತಿರುತ್ತಾರೆ!

ಪ್ರಶ್ನೆ: ಒಂದು ವರ್ಷದಲ್ಲಿ ಆರ್ಡರ್ ದುಪ್ಪಟ್ಟಾಗಿದೆ. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತದೆ. ಆದರೂ ಸಂಬಳದ ದಿನ ಬಂದರೆ ಎದೆ ಡವಡವ ಅನ್ನುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ ಮೇಡಂ?

ತಪ್ಪು ಅಂತಲ್ಲ, ಬೆಳೆಯುತ್ತಿದ್ದೀರಿ. ಬೆಳವಣಿಗೆ ದುಡ್ಡು ತಿನ್ನುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ತಿಂಗಳಿಗೆ 100ರ ಮಾಲು ಮಾರುತ್ತೀರಿ, ಸಾಮಗ್ರಿ ಸಂಬಳ ಎಲ್ಲ ಸೇರಿ ಖರ್ಚು 80 ಅಂತಿಟ್ಟುಕೊಳ್ಳಿ. ಖರ್ಚನ್ನು ನೀವು 15 ದಿನದಲ್ಲಿ ಕೊಡಬೇಕು, ಗ್ರಾಹಕರು ನಿಮಗೆ ಕೊಡುವುದು 60 ದಿನಕ್ಕೆ. ನಡುವಿನ 45 ದಿನ, ಅಂದರೆ ಒಂದೂವರೆ ತಿಂಗಳ ಖರ್ಚು, ನಿಮ್ಮ ಕೈಯಿಂದ ಹೋದ 120 ಹೊರಗೇ ಇರುತ್ತದೆ. ಆರ್ಡರ್ ದುಪ್ಪಟ್ಟಾದರೆ ಹೊರಗಿರುವುದು 240. ಲಾಭ ತಿಂಗಳಿಗೆ 40 ಆಯಿತು ನಿಜ, ಆದರೆ ಹೊಸದಾಗಿ ಹಾಕಬೇಕಾದ 120 ಅಂದರೆ ಮೂರು ತಿಂಗಳ ಪೂರ್ತಿ ಲಾಭ. ಎದೆ ಡವಡವ ಅನ್ನದೆ ಇರುತ್ತದಾ?

ಮಾಲು ಹೊರಟ ದಿನವೇ ಬಿಲ್ ಹೋಗಲಿ. ತಿಂಗಳ ಕೊನೆಗೆ ಒಟ್ಟಿಗೆ ಬಿಲ್ ಮಾಡುವ ಅಭ್ಯಾಸ ಇದ್ದರೆ ಅಲ್ಲೇ ಎರಡು ವಾರ ಹೋಯಿತು. ದೊಡ್ಡ ಆರ್ಡರ್‌ಗೆ ಸಾಮಗ್ರಿಯ ಖರ್ಚಿನಷ್ಟಾದರೂ ಮುಂಗಡ ಕೇಳಿ. ಕೇಳಲು ಸಂಕೋಚವಾಗುತ್ತದೆ, ಗೊತ್ತು. ಮುಂದಿನ 13 ವಾರ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಅಂತ ಬರೆದು ಗೋಡೆಗೆ ಅಂಟಿಸಿ, ಪ್ರತಿ ಸೋಮವಾರ ತಿದ್ದಿ. ಕೆಲವು ಆರ್ಡರ್‌ಗಳಿಗೆ ‘ಈಗ ಆಗಲ್ಲ’ ಅನ್ನಬೇಕಾಗುತ್ತದೆ, ಅನ್ನಿ. ಏನೇ ಆದರೂ ಸಂಬಳ ಮಾತ್ರ ಹೇಳಿದ ದಿನಕ್ಕೆ ಕೊಡಿ. ಒಂದು ಸಲ ತಡವಾದರೆ, ಒಳ್ಳೆಯ ಕೆಲಸಗಾರರು ಅವತ್ತು ರಾತ್ರಿಯೇ ಬೇರೆ ಕಡೆ ಕೆಲಸ ಹುಡುಕಲು ಶುರು ಮಾಡುತ್ತಾರೆ.

ಪ್ರಶ್ನೆ: ದಿನಾ ಬೆಳಗ್ಗೆ ಒಂದು ಗಂಟೆ ಮೀಟಿಂಗ್ ಮಾಡುತ್ತೇವೆ, 10 ಜನ. ಯಾರೂ ಬಾಯಿ ಬಿಡುವುದಿಲ್ಲ.

ದಿನಾ 10 ಗಂಟೆಯ ಕೆಲಸ ಅಲ್ಲಿ ಹೋಗುತ್ತಿದೆ, ಒಬ್ಬರ ಇಡೀ ದಿನಕ್ಕಿಂತ ಜಾಸ್ತಿ. ನಿಂತುಕೊಂಡು 10 ನಿಮಿಷ ಮಾಡಿ. ಕೇಳಬೇಕಾದದ್ದು ಒಂದೇ: ಇವತ್ತು ಯಾವ ಕೆಲಸ ಎಲ್ಲಿ ನಿಂತಿದೆ? ಕೊನೆಗೆ ಮಾತಾಡುವವರು ನೀವಾಗಿರಿ. ಯಜಮಾನರು ಮೊದಲು ಅಭಿಪ್ರಾಯ ಹೇಳಿದರೆ ಉಳಿದವರು ತಲೆ ಆಡಿಸುತ್ತಾರೆ ಅಷ್ಟೇ.

ಪ್ರಶ್ನೆ: ತಪ್ಪಾದರೆ ಹುಡುಗರು ಮುಚ್ಚಿಡುತ್ತಾರೆ. ಗ್ರಾಹಕರು ಬೈದಾಗಲೇ ನನಗೆ ಗೊತ್ತಾಗುವುದು. ದಂಡ ಹಾಕಿದೆ. ಈಗ ಇನ್ನೂ ಚೆನ್ನಾಗಿ ಮುಚ್ಚಿಡುತ್ತಾರೆ.

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇದೆ ಅಲ್ವಾ ಸರ್? ಬಚ್ಚಿಡುವುದನ್ನು ನೀವೇ ಕಲಿಸಿಕೊಟ್ಟಿರಿ.

ಟೊಯೋಟಾ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಗೆಟುಕುವಂತೆ ಒಂದು ಹಗ್ಗ ಇರುವುದು ಹೆಸರುವಾಸಿ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಯಾರು ಬೇಕಾದರೂ ಎಳೆಯಬಹುದು. ತಂಡದ ಮುಖ್ಯಸ್ಥರು ಓಡಿ ಬರುತ್ತಾರೆ, ಹೊತ್ತಿಗೆ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಆ ಹಗ್ಗ ಕಟ್ಟುವುದು ಸುಲಭ. ಎಳೆದವರನ್ನು ಬೈಯದೇ ಇರುವುದೇ ದೊಡ್ಡ ಕೆಲಸ. ಆಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ನೋಡಲು ಹೋದಾಗ, ಒಳ್ಳೆಯ ತಂಡಗಳ ಹೆಸರಿನಲ್ಲೇ ಔಷಧಿ ಕೊಡುವಲ್ಲಿನ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ತಲೆ ಕೆರೆದುಕೊಂಡು ನೋಡಿದರೆ, ಅಲ್ಲಿ ಹೆದರಿಕೆ ಇರಲಿಲ್ಲ, ಹಾಗಾಗಿ ತಪ್ಪನ್ನು ಬಾಯಿ ಬಿಟ್ಟು ಹೇಳುತ್ತಿದ್ದರು.

ದಂಡ ಇವತ್ತೇ ನಿಲ್ಲಿಸಿ, ನಿಲ್ಲಿಸಿದ್ದೇನೆ ಅಂತ ಎಲ್ಲರ ಎದುರು ಹೇಳಿ. ಮುಂದಿನ ಸಲ ಯಾರಾದರೂ ಬಂದು ‘ತಪ್ಪಾಯಿತು’ ಅಂದಾಗ ನಿಮ್ಮ ಮುಖವನ್ನೇ ಉಳಿದವರೆಲ್ಲ ನೋಡುತ್ತಿರುತ್ತಾರೆ. ಯಾರು ಮಾಡಿದ್ದು ಅನ್ನಬೇಡಿ, ಹೇಗಾಯಿತು ಅನ್ನಿ. ನಿಮ್ಮದೇ ಒಂದು ತಪ್ಪನ್ನು ಮೊದಲು ನೀವೇ ಹೇಳಿಕೊಂಡರೆ ಇನ್ನೂ ಬೇಗ ದಾರಿಯಾಗುತ್ತದೆ. ಬೇಕಂತಲೇ ಮೋಸ ಮಾಡಿದರೆ ಅದು ಬೇರೆ ಮಾತು, ಅಲ್ಲಿ ದಾಕ್ಷಿಣ್ಯ ಬೇಡ.

ಪ್ರಶ್ನೆ: ನಮ್ಮ ಅತ್ಯುತ್ತಮ ಕೆಲಸಗಾರನನ್ನು ಸೂಪರ್‌ವೈಸರ್ ಮಾಡಿದೆ. ಆರು ತಿಂಗಳಿಂದ ಅವನ ಮುಖದಲ್ಲಿ ನಗುವೇ ಇಲ್ಲ.

ಮೆಷಿನ್ ಜೊತೆ ಮಾತಾಡುವುದು ಬೇರೆ, ಮನುಷ್ಯರ ಜೊತೆ ಮಾತಾಡುವುದು ಬೇರೆ. ನಾಲ್ಕು ಜನರನ್ನು ಸಂಭಾಳಿಸುವುದು ಹೇಗೆ ಅಂತ ಅವನಿಗೆ ಯಾರಾದರೂ ಹೇಳಿಕೊಟ್ಟರಾ? ಇನ್ನೊಂದು ಕೇಳುತ್ತೇನೆ, ಕೋಪ ಬೇಡ. ಅವನು ಹೇಳಿದ್ದನ್ನು ಹುಡುಗರು ನಿಮ್ಮ ಹತ್ತಿರ ಬಂದು ಮತ್ತೆ ಕೇಳಿದಾಗ ನೀವು ಉತ್ತರ ಕೊಡುತ್ತೀರಾ? ಕೊಡುತ್ತೀರಾದರೆ ಅವನಿಗೆ ಪಟ್ಟ ಕಟ್ಟಿದ್ದು ಹೆಸರಿಗೆ ಮಾತ್ರ. ಅದನ್ನು ನಿಲ್ಲಿಸಿ ಮೂರು ತಿಂಗಳು ನೋಡಿ. ಆಮೇಲೂ ಅವನಿಗೆ ಹಳೇ ಕೆಲಸವೇ ಬೇಕೆನಿಸಿದರೆ ಸಂಬಳ ಕಡಿಮೆ ಮಾಡದೆ, ಮರ್ಯಾದೆ ಹೋಗದ ಹಾಗೆ ವಾಪಸ್ ಕಳಿಸಿ.

ಪ್ರಶ್ನೆ: ಕಂಪ್ಯೂಟರ್ ಮುಂದೆ ಕೂರುವವರಿಗೆ ಕಣ್ಣುರಿ, ಬೆನ್ನುನೋವು. ದುಬಾರಿ ಕುರ್ಚಿ ತರಬೇಕಾ?

ಮೊದಲು ದುಡ್ಡಿಲ್ಲದ ಉಪಾಯ ಮಾಡಿ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕಿರಲಿ, ಪಾದ ನೆಲಕ್ಕೆ ಊರಲಿ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಲು ಹೇಳಿ. ಗಂಟೆಗೊಮ್ಮೆ ಎದ್ದು ಓಡಾಡಿದವರನ್ನು ಸೋಮಾರಿ ಅನ್ನಬೇಡಿ. ಅಷ್ಟಾದರೂ ನೋವು ಹೋಗದವರಿಗೆ ಕುರ್ಚಿ ತನ್ನಿ, ವೈದ್ಯರಿಗೂ ತೋರಿಸಲಿ.

ಪ್ರಶ್ನೆ: ನಾಲ್ಕು ವರ್ಷದಿಂದ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ. ನಾನಿಲ್ಲದಿದ್ದರೆ ನಡೆಯುವುದಿಲ್ಲ.

ನಡೆಯುತ್ತದೋ ಇಲ್ಲವೋ ಅಂತ ನೀವು ನೋಡೇ ಇಲ್ಲವಲ್ಲ ಮೇಡಂ. ಎರಡು ದಿನ ಹೋಗಿ ಬನ್ನಿ. ಫೋನ್ ಒಬ್ಬರ ಹತ್ತಿರ ಕೊಟ್ಟು, ಬಂದ ಕರೆಗಳನ್ನೆಲ್ಲ ಬರೆದಿಡಲು ಹೇಳಿ. ಆ ಪಟ್ಟಿಯಲ್ಲಿ ಇರುವುದೇ ನೀವು ಬೇರೆಯವರಿಗೆ ಕಲಿಸಬೇಕಾದ ಕೆಲಸಗಳು. ಮೂರು ತಿಂಗಳು ಬಿಟ್ಟು ನಾಲ್ಕು ದಿನ ಹೋಗಿ. ನನ್ನ ಮೊದಲ ರಜೆಯಲ್ಲಿ 11 ಕರೆ ಬಂದಿದ್ದವು. ಮುಂದಿನ ಸಲ ಬಂದದ್ದು ಒಂದೇ, ಬೀರುವಿನ ಕೀಲಿ ಎಲ್ಲಿದೆ ಅಂತ. ಅದು ನನ್ನ ಬ್ಯಾಗಿನಲ್ಲೇ ಇತ್ತು.