ಪ್ರತಿಕ್ರಿಯೆ: ಕುಂಬಳೆ ವಂಶವೃಕ್ಷದಲ್ಲಿ ಅರಸರ ಮಗ ಯಾಕಿಲ್ಲ, ಇಬ್ಬರಲ್ಲಿ ಹಕ್ಕು ಯಾರದು?

ಕುಂಬಳೆ ಅರಸುಮನೆಯ ವಂಶವೃಕ್ಷದಲ್ಲಿ ಅರಸರ ಮಗನಿಗೆ ಯಾಕೆ ಜಾಗವಿಲ್ಲ, ಪಟ್ಟಕ್ಕೆ ಇಬ್ಬರಿದ್ದರೆ ಹಕ್ಕು ಯಾರದು ಅಂತ ಕೇಳಿದ್ದೀರಿ. ನೀವು ಗೆರೆ ಎಳೆದದ್ದು ಅಪ್ಪನಿಂದ ಮಗನಿಗೆ, ಎಡವಟ್ಟು ಅಲ್ಲೇ ಆಗಿರಬೇಕು. ಕುಂಬಳೆಯಲ್ಲಿ ಅಳಿಯಸಂತಾನ, ಹತ್ತಿರದ ನೀಲೇಶ್ವರದ ಅರಸುಮನೆಯಲ್ಲಿ ಮರುಮಕ್ಕತ್ತಾಯ; ಎರಡೂ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಗಳು. ಎರಡರಲ್ಲೂ ಅರಸರ ಮಕ್ಕಳು ತಮ್ಮ ತಾಯಿಯ ಮನೆಗೆ ಸೇರಿದವರು. ನನ್ನ ಅಜ್ಜಿಮನೆಯ ಪಟ್ಟಿಯಲ್ಲೂ ನಾನು ಇದೇ ತಪ್ಪು ಮಾಡಿದ್ದೆ.

ಮೊದಲು ಹೆಂಗಸರ ಹೆಸರು ಬರೆಯಿರಿ: ಅಜ್ಜಿ, ಮಗಳು, ಮೊಮ್ಮಗಳು. ಗಂಡಸರನ್ನು ಅವರವರ ತಾಯಿಯ ಕೆಳಗೆ ಸೇರಿಸಿ. ಆಮೇಲೆ ಎಲ್ಲಾ ಕವರುಗಳ (ಒಬ್ಬೊಬ್ಬ ಹೆಂಗಸಿನಿಂದ ಹೊರಟ ಕವಲುಗಳ) ಗಂಡಸರನ್ನು ಹುಟ್ಟಿದ ದಿನದ ಪ್ರಕಾರ ಒಂದೇ ಸಾಲಿನಲ್ಲಿಡಿ. ಅಳಿಯ ಅಂದ ಕೂಡಲೇ ಸೋದರಳಿಯನಿಗೇ ಪಟ್ಟ ಅಂತಲ್ಲ. ತಮ್ಮನಿದ್ದರೆ ಅವನೇ ಮುಂದೆ, ಬೇರೆ ಕವರಿನ ಹಿರಿಯನಿದ್ದರೆ ಅವನೂ ಬರಬಹುದು. ಹೆಣ್ಣು ಸಂತಾನ ನಿಂತಲ್ಲಿ ಯಾರನ್ನಾದರೂ ದತ್ತು ತೆಗೆದುಕೊಂಡಿದ್ದರೇ ಅಂತ ಹುಡುಕಿ.

ನೀವು ಕೇಳಿದ ಇಬ್ಬರಲ್ಲಿ ಹಕ್ಕು ಯಾರದು ಅಂತ ವಯಸ್ಸು ತಿಳಿಯದೆ ಹೇಳಲಾಗದು. ದತ್ತು ಇದ್ದರೆ ಲೆಕ್ಕ ಬದಲಾಗಲೂಬಹುದು.

ಆಸ್ತಿಯನ್ನು ಇದಕ್ಕೆ ಬೆರೆಸಬೇಡಿ. ದೇಶದ ಮಾಜಿ ಸಂಸ್ಥಾನಗಳ ಅರಸರಿಗಿದ್ದ ಸರ್ಕಾರದ ಮಾನ್ಯತೆಯೂ 1971ಕ್ಕೇ ಮುಗಿಯಿತು. ಕೇರಳದಲ್ಲಿ ಕೂಡುಕುಟುಂಬದ ಹಕ್ಕು 1976ರ ಡಿಸೆಂಬರ್ 1ಕ್ಕೆ ರದ್ದಾಯಿತು, ಅಂದು ಬದುಕಿದ್ದ ಸದಸ್ಯರಿಗೆಲ್ಲ ಪಾಲು. ಪಾಲಿನ ಜಗಳವಾದರೆ ಆ ದಿನದ ಸದಸ್ಯರ ಪಟ್ಟಿ ಹಿಡಿದು ವಕೀಲರನ್ನು ನೋಡಿ.