ಊರಿಂದ ಊರಿಗೆ ಒಂದು ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ಅಮೆರಿಕಾಗೆ ಬಂದು ಮೂರು ತಿಂಗಳಾಯ್ತು, ಶಿಕಾಗೋ ಹತ್ರ ಅರೋರಾ ಅನ್ನೋ ಊರು. ಇಲ್ಲೊಂದು ದಾರಿ ಇದೆ, ಕಾರು ಬೈಕು ಏನೂ ಬರಲ್ಲ, ನಡೆಯೋರು ಸೈಕಲ್‌ನೋರು ಅಷ್ಟೆ. ಪ್ರೇರೀ ಪಾತ್ ಅಂತಾರೆ. ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀನಿ. ಮೊದಲು ಇಲ್ಲಿ ರೈಲು ಓಡ್ತಿತ್ತು ಅಂತ ಅಳಿಯಂದ್ರು ಹೇಳ್ತಾರೆ, ನಿಜಾನಾ? ಇದನ್ನ ಸರ್ಕಾರ ಮಾಡಿದ್ದಾ, ಜನ ಮಾಡಿದ್ದಾ?
– ಮೈಸೂರಿನ ಓದುಗರು, ಸದ್ಯ ಅರೋರಾ

ಉತ್ತರ: ಅಳಿಯಂದ್ರು ಹೇಳಿದ್ದು ನಿಜ ಅಮ್ಮಾ. ಅಲ್ಲಿ ಶಿಕಾಗೋ ಅರೋರಾ ಅಂಡ್ ಎಲ್ಜಿನ್ ಅನ್ನೋ ಕರೆಂಟ್ ರೈಲು ಓಡ್ತಿತ್ತು. 1957ರ ಜುಲೈ 3ನೇ ತಾರೀಕು ಮಟಮಟ ಮಧ್ಯಾಹ್ನ ಪ್ಯಾಸೆಂಜರ್ ರೈಲು ನಿಲ್ಲಿಸೇಬಿಟ್ರು, ಬೆಳಿಗ್ಗೆ ಅದೇ ರೈಲಲ್ಲಿ ಕೆಲಸಕ್ಕೆ ಹೋದೋರಿಗೆ ಸಂಜೆ ಮನೆಗೆ ಬರೋಕೆ ರೈಲೇ ಇಲ್ಲ! ಆಮೇಲೆ ಗೂಡ್ಸ್ ಕೂಡ ನಿಂತೋಯ್ತು, 1961ಕ್ಕೆ ಲೈನ್ ಪೂರ್ತಿ ಮುಚ್ಚಿದ್ರು. ಉಳಿದಿದ್ದು ಪೊದೆ ಬೆಳೆದ ಒಂದು ಉದ್ದನೆ ಪಟ್ಟಿ ಜಾಗ, ಅದರ ಮೇಲೆ ಎಲ್ಲರ ಕಣ್ಣು.

ಆಗ ಮೇ ಥೀಲ್‌ಗಾರ್ಡ್ ವಾಟ್ಸ್ ಅನ್ನೋರು 1963ರ ಸೆಪ್ಟೆಂಬರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಪತ್ರ ಬರೆದ್ರು. ಆಗ ಅವರಿಗೆ 70 ವರ್ಷ, ಮಾರ್ಟನ್ ಅರ್ಬೊರೇಟಂ ಅನ್ನೋ ಸಸ್ಯೋದ್ಯಾನದಲ್ಲಿ ಗಿಡಮರಗಳ ಬಗ್ಗೆ ಪಾಠ ಹೇಳ್ತಿದ್ದೋರು. ನಾವು ಎರಡು ಕಾಲ ಮೇಲೆ ನಡೆಯೋ ಮನುಷ್ಯರು, ನಮಗೊಂದು ಕಾಲುದಾರಿ ಬೇಕು, ಜಾಗ ಈಗ ಖಾಲಿ ಬಿದ್ದಿದೆ, ಬುಲ್ಡೋಜರ್‌ಗಳು ಜೊಲ್ಲು ಸುರಿಸ್ಕೊಂಡು ಕಾಯ್ತಿವೆ, ತಡ ಮಾಡಿದ್ರೆ ತುಂಡುತುಂಡಾಗಿ ಹೋಗ್ಬಿಡತ್ತೆ ಅನ್ನೋದು ಅದರ ಸಾರ. ಅದನ್ನ ಓದಿದೋರು ಒಬ್ಬೊಬ್ಬರಾಗಿ ಸೇರ್ಕೊಂಡ್ರು, 1965ರಲ್ಲಿ ಸಂಘ ರಿಜಿಸ್ಟರ್ ಆಯ್ತು, 1966ರಲ್ಲಿ ಅಲ್ಲಿನ ಡುಪೇಜ್ ಕೌಂಟಿ ಜಾಗನ ಸಂಘಕ್ಕೆ ಲೀಸಿಗೆ ಕೊಡ್ತು. ಪೊದೆ ಕಡಿದು ದಾರಿ ಬಿಡಿಸಿದ್ದು ಊರಿನೋರೇ. ಈಗ ಕವಲುಗಳೆಲ್ಲಾ ಸೇರಿ ಸುಮಾರು 100 ಕಿಲೋಮೀಟರ್ ಇದೆ. ಅಮೆರಿಕಾದಲ್ಲಿ ಹಳೇ ರೈಲು ಲೈನನ್ನ ಹೀಗೆ ನಡೆಯೋ ದಾರಿ ಮಾಡಿದ ಮೊದಮೊದಲಿನ ಪ್ರಯತ್ನಗಳಲ್ಲಿ ಇದೂ ಒಂದು.

ಎರಡು ವರ್ಷದ ಹಿಂದೆ ನಾನೂ ಅಲ್ಲಿ ವೀಟನ್ ಊರಿಂದ ಒಂದಷ್ಟು ದೂರ ನಡೆದಿದ್ದೆ. ಟಾರಲ್ಲ, ಸಿಮೆಂಟಲ್ಲ, ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ್ದಾರೆ, ವಾಪಸ್ ಬಂದು ನೋಡಿದ್ರೆ ಶೂ ಮೇಲೆಲ್ಲಾ ರಂಗೋಲಿ ಪುಡಿ ಉದುರಿಸಿದಂಗೆ ಬಿಳಿ ಧೂಳು. ಮಂಡಿ ನೋವಿದ್ದೋರಿಗೆ ಅದು ಟಾರಿಗಿಂತ ಎಷ್ಟೋ ಹಿತ. ದಿನಾ ಹೋಗಿ ಅಮ್ಮಾ.

ಪ್ರಶ್ನೆ: ಮದ್ದೂರು ಕಡೆ ಹಳ್ಳಿ ನಮ್ದು. ಟೌನಿನ ಕಾಲೇಜು 7 ಕಿ.ಮೀ. ಆಗತ್ತೆ, ಮೊದಲೆಲ್ಲಾ ಮಕ್ಕಳು ಸೈಕಲಲ್ಲೇ ಹೋಗ್ತಿದ್ರು, ಈಗ ಅಪ್ಪ ಅಮ್ಮ ಕಳಿಸಲ್ಲ, ರೋಡಲ್ಲಿ ಗಾಡಿಗಳ ಆರ್ಭಟ ಹಂಗಿದೆ. ನಾವೊಂದು ಹತ್ತು ಜನ ಸೇರಿ ಸೈಕಲ್ ದಾರಿ ಮಾಡಿಸ್ಬೇಕು ಅಂತಿದ್ದೀವಿ. ಆದ್ರೆ ನಮ್ಮಲ್ಲಿ ಹಳೇ ರೈಲು ಲೈನ್ ಎಲ್ಲಿದೆ ಸಾರ್, ಎಲ್ಲಾ ರೈತರ ಜಮೀನು. ಎಲ್ಲಿಂದ ಶುರು ಮಾಡೋದು?
– ಒಬ್ಬ ಮೇಷ್ಟ್ರು, ಮಂಡ್ಯ ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲೂ ಬಂದ್. ಆ ವೇಗದ ರೋಡಲ್ಲಿ ಸೈಕಲ್ ಇರಬಾರ್ದು ಅನ್ನೋದು ಸರೀನೇ, ಆದ್ರೆ ಸೈಕಲ್‌ನೋರು ಇನ್ನೆಲ್ಲಿ ಹೋಗ್ಬೇಕು? ನಮ್ಮ ಸರ್ಕಾರಾನೇ 2006-07ರಿಂದ 8ನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿ ಎಷ್ಟೋ ವರ್ಷ ಕೊಡ್ತು, ಹೆಣ್ಣುಮಕ್ಕಳು ಗುಂಪು ಕಟ್ಕೊಂಡು ಬೆಲ್ ಹೊಡ್ಕೊಂಡು ಹೋಗೋದು ನೋಡೋಕೇ ಒಂದು ಸಂತೋಷ. ಸೈಕಲ್ ಕೊಟ್ಟೋರು ದಾರಿ ಕೊಡೋದನ್ನ ಮರೆತ್ರು, ನನಗಿರೋ ಸಂಕಟ ಅದು.

ರೈಲು ಲೈನ್ ಇಲ್ಲ ಅಂತ ಕೈ ಚೆಲ್ಲಬೇಡಿ. ನಿಮ್ಮ ಹತ್ರ ಗ್ರಾಮ ನಕಾಶೆ ಇದೆ. ಸರ್ವೆ ಇಲಾಖೆಯಿಂದ ನಿಮ್ಮೂರಿಂದ ಟೌನ್ ತನಕ ಬರೋ ಎಲ್ಲಾ ಹಳ್ಳಿಗಳ ನಕಾಶೆ ತಗೊಂಡು ಒಂದರ ಪಕ್ಕ ಒಂದು ಜೋಡಿಸಿ, ಬಂಡಿದಾರಿ ಕಾಲುದಾರಿ ಎರಡೂ ಅದರಲ್ಲಿ ಗುರುತು ಹಾಕಿರ್ತಾರೆ. ನಕಾಶೆ ಕಂಡ ದಾರಿ ಅಂತೀವಲ್ಲ, ಅದೇ. ಆಮೇಲೆ ಮೊಬೈಲಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆಪ್ ಹಾಕ್ಕೊಂಡು ಆ ಗೆರೆ ಮೇಲೇ ನಡ್ಕೊಂಡು ಹೋಗಿ, ಯಾವ ಸರ್ವೆ ನಂಬರಲ್ಲಿ ದಾರಿ ಇದೆ, ಎಲ್ಲಿ ಮುಚ್ಚಿದೆ ಅಂತ ಬರ್ಕೊಳ್ಳಿ. ಬಿ ಖರಾಬು ಅಂತ ಇದ್ರೆ ಅದು ಸಾರ್ವಜನಿಕರ ಬಳಕೆಗೆ ಬಿಟ್ಟ ಜಾಗ.

ನಾನು ಹೈಸ್ಕೂಲಿಗೆ ಹೋಗ್ತಿದ್ದಿದ್ದೂ ಅಂಥ ಬಂಡಿದಾರೀಲೇ. ಹೋದ ಯುಗಾದಿಗೆ ಊರಿಗೆ ಹೋದಾಗ ನೋಡ್ತೀನಿ, ಹುಣಸೆ ಮರದ ತನಕ ದಾರಿ ಇದೆ, ಮುಂದಕ್ಕೆ ಮುಳ್ಳುತಂತಿ, ಎರಡು ಗಾಲಿ ಓಡಾಡಿ ಹಳ್ಳ ಬಿದ್ದಿದ್ದ ಜಾಗದಲ್ಲಿ ಸಾಲಾಗಿ ತೆಂಗಿನ ಸಸಿ. ನಕಾಶೇಲಿ ಮಾತ್ರ ದಾರಿ ಹಂಗೇ ಇದೆ. ಆ ಸಸಿ ಮರ ಆಗಿ ಫಲ ಬಿಟ್ಟ ಮೇಲೆ ಯಾರೂ ಕೀಳಲ್ಲ, ಕೀಳಿಸೋಕೆ ಮನಸ್ಸೂ ಬರಲ್ಲ, ಅದಕ್ಕೇ ಹೇಳ್ತಿರೋದು ಈ ವರ್ಷಾನೇ ಶುರು ಮಾಡಿ ಅಂತ.

ಒತ್ತುವರಿ ಕಂಡ ತಕ್ಷಣ ತಹಶೀಲ್ದಾರ್‌ಗೆ ಅರ್ಜಿ ಗುಜರಾಯಿಸ್ಬೇಡಿ. ಮೊದಲು ಆ ಮನೆ ಜಗಲಿ ಮೇಲೆ ಕೂತು ಮಾತಾಡಿ. ಐರ್ಲೆಂಡಲ್ಲಿ ವೆಸ್ಟ್‌ಪೋರ್ಟಿಂದ ಅಕಿಲ್ ತನಕ 42 ಕಿ.ಮೀ. ದಾರಿ ಮಾಡಿದ್ದಾರೆ, ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಅಂತ. ಅಲ್ಲಿ ರೈಲು ನಿಂತಿದ್ದು 1937ರಲ್ಲಿ, ಜಾಗ ಯಾವತ್ತೋ ರೈತರ ಕೈ ಸೇರಿತ್ತು, ಕುರಿ ಹಸು ಮೇಯ್ತಿದ್ವು. ಅಂದ್ರೆ ಪರಿಸ್ಥಿತಿ ನಿಮ್ಮದರ ಥರಾನೇ. ನೂರಕ್ಕೂ ಹೆಚ್ಚು ಜಮೀನುದಾರರನ್ನ ಮಾತಾಡಿಸಿ, ಜಮೀನು ನಿಮ್ದೇ, ಓಡಾಡೋಕೆ ಒಪ್ಪಿಗೆ ಕೊಡಿ ಸಾಕು ಅಂತ ಕೇಳಿದ್ರು, ಅವರೂ ದುಡ್ಡು ತಗೊಳ್ದೆ ಕೊಟ್ರು. ಮೊದಲ ತುಂಡು 2010ರಲ್ಲಿ, ಪೂರ್ತಿ ದಾರಿ 2011ರಲ್ಲಿ ಓಪನ್ ಆಯ್ತು. ರೈತರಿಗೆ ಬೇಕಾದ ಕಡೆ ಬೇಲಿ, ದನ ದಾಟೋಕೆ ಗೇಟು ಹಾಕಿಕೊಡೋದೂ ಇಂಥ ಮಾತುಕತೇಲಿ ಬರತ್ತೆ. ನೀವೂ ಹಂಗೇ ಕೇಳಿ, ದಾರಿಯಿಂದ ನಿಮಗೇನು ತೊಂದ್ರೆ ಆಗತ್ತೆ ಹೇಳಿ ಅಂತ.

ನಾಲೆ ಏರಿ ಬಗ್ಗೆ ನೀವೇನೂ ಬರೆದಿಲ್ಲ, ಆದ್ರೆ ನಿಮ್ಮ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಅದರ ಕವಲು ನಾಲೆ ಎಲ್ಲಾ ಇದಾವಲ್ಲ. ಏರಿ ಒಂದೇ ಸಮ ಇರತ್ತೆ, ಏರಿಳಿತ ಕಮ್ಮಿ, ಜಾಗ ಕಾವೇರಿ ನೀರಾವರಿ ನಿಗಮದ್ದು, ಅಂದ್ರೆ ನೂರು ಜನರ ಬದಲು ಒಂದು ಕಡೆ ಅನುಮತಿ ಕೇಳಿದ್ರಾಯ್ತು. ಒಂದೇ ಮಾತು, ತಡೆಗೋಡೆ ಇಲ್ದೆ ಮಕ್ಕಳನ್ನ ಬಿಡೋ ಹಾಗೇ ಇಲ್ಲ. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ಇದೇ ವಿ.ಸಿ. ನಾಲೆಗೆ ಬಿದ್ದು 30 ಜನ ಹೋದ್ರು, ಅದರಲ್ಲಿ ಸ್ಕೂಲ್ ಮಕ್ಕಳೂ ಇದ್ರು. ಆ ದಿನ ಮರೆಯೋಕಾಗಲ್ಲ. ಏರಿ ಮೇಲೆ ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಓಡಾಡೋ ಜಾಗದಲ್ಲಿ ಅವು ಬರದ ಹಾಗೆ ಅಡ್ಡ ಕಲ್ಲು ನೆಡೋಕೂ ಹೋಗ್ಬೇಡಿ, ಕಟಾವಿನ ಟೈಮಲ್ಲಿ ರೈತರೆಲ್ಲಾ ನಿಮ್ಮ ಮೇಲೆ ತಿರುಗಿಬೀಳ್ತಾರೆ. ಅಂಥ ಕಡೆ ದಾರಿನ ಊರೊಳಗಿಂದ ತಗೊಂಡು ಹೋಗಿ.

ಇಷ್ಟೆಲ್ಲಾ ಆದ್ಮೇಲೆ ಗ್ರಾಮ ಸಭೆಗೆ ಹೋಗಿ ನಡಾವಳಿ ಬರೆಸಿ. ದಾರಿ ಎಲ್ಲಿ ಅಂತ ಜಗಳ ಬಂದ್ರೆ ಮಾತ್ರ ಸರ್ವೆಯರ್ ಕರೆಸಿ ಹದ್ದುಬಸ್ತು, ಅಂದ್ರೆ ಗಡಿ ಅಳತೆ ಮಾಡಿಸಿ.

ಪ್ರಶ್ನೆ: ಇಂಥ ನಡಿಗೆ, ಸೈಕಲ್ ದಾರಿಗೆ ಪೂರ್ತಿ ದುಡ್ಡು ಸ್ಯಾಂಕ್ಷನ್ ಆಗೋ ತನಕ ಕಾಯಬೇಕಾ, ಸ್ವಲ್ಪ ಸ್ವಲ್ಪ ಮಾಡಬಹುದಾ?
– ಓದುಗರು, ಶಿರಸಿ

ಉತ್ತರ: ಕಾಯಬೇಡಿ. ಇಂಗ್ಲೆಂಡಲ್ಲಿ ಬ್ರಿಸ್ಟಲ್ಲಿಂದ ಬಾತ್ ಊರಿಗೆ ಈಗಿರೋ 13 ಮೈಲಿ ದಾರಿ ಶುರುವಾಗಿದ್ದು 5 ಮೈಲಿಯಿಂದ. 1977ರಲ್ಲಿ ಹುಟ್ಟಿದ ಸೈಕಲ್‌ಬ್ಯಾಗ್ ಅನ್ನೋ ಗುಂಪು 1979ರಲ್ಲಿ ಬಾತ್ ಕಡೆಯಿಂದ ಬಿಟ್ಟನ್ ತನಕ ಸ್ವಯಂಸೇವಕರನ್ನ ಕಟ್ಕೊಂಡು ಗುದ್ದಲಿ ಹಿಡೀತು, ಜನ ಅದರ ಮೇಲೆ ಓಡಾಡೋಕೆ ಶುರು ಮಾಡಿದ್ರು, ಅಷ್ಟಾದ ಮೇಲೆ ಮಿಕ್ಕಿದ್ದು ಬೇಡ ಅನ್ನೋದು ಯಾರಿಗೂ ಸುಲಭ ಆಗ್ಲಿಲ್ಲ. 1986ಕ್ಕೆ ಪೂರ್ತಿ ಆಯ್ತು. ಆದ್ರೆ ಮೊದಲ ತುಂಡು ಎರಡೂ ತುದೀಲಿ ಎಲ್ಲಾದ್ರೂ ಸೇರಬೇಕು, ಸ್ಕೂಲಿಗೋ ಸಂತೆಗೋ. ಗದ್ದೆ ಮಧ್ಯೆ ಶುರುವಾಗಿ ಗದ್ದೇಲೇ ಮುಗಿದ್ರೆ ಒಂದು ಮಳೆಗಾಲಕ್ಕೆ ಲಂಟಾನ ಮುಚ್ಕೊಳ್ಳತ್ತೆ.

ಪ್ರಶ್ನೆ: ನಮ್ಮ ಜಮೀನಲ್ಲಿ ದಾರಿ ಕೇಳ್ತಿದ್ದಾರೆ. ಬಿಟ್ರೆ ಮುಂದೆ ನಮ್ಮ ಹಕ್ಕು ಹೋಗತ್ತಾ?
– ಒಬ್ಬ ರೈತ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಭಯ ಸಹಜ ಅಣ್ಣಾ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಯಾರಾದ್ರೂ 20 ವರ್ಷ ತಡೆಯಿಲ್ದೆ, ತಮ್ಮ ಹಕ್ಕು ಅನ್ನೋ ಥರ ಓಡಾಡಿದ್ರೆ ದಾರಿ ಹಕ್ಕು ಕೇಳಬಹುದು. ಆದ್ರೆ ನಿಮ್ಮ ಒಪ್ಪಿಗೆ ಮೇಲೆ ಓಡಾಡಿದ್ದು ಆ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಬಾಯಿಮಾತಲ್ಲಿ ಬಿಡಬೇಡಿ. ಎಷ್ಟು ಅಗಲ, ಎಷ್ಟು ವರ್ಷಕ್ಕೆ, ಬೇಲಿ ಯಾರು ಹಾಕ್ತಾರೆ, ಬೋರ್‌ವೆಲ್ ಪೈಪ್ ಒಡೆದ್ರೆ ಯಾರು ಸರಿಮಾಡಿಸ್ತಾರೆ, ಎಲ್ಲಾ ಬರೆಸಿ ಪಂಚಾಯ್ತಿ ಕಡೆಯೋರ ಸಹಿ ಹಾಕಿಸಿ, ಒಂದು ಸಲ ವಕೀಲರಿಗೂ ತೋರಿಸಿ. ಪೈಪ್ ಹೋಗಿರೋ ಜಾಗದಲ್ಲಿ ಈಗ್ಲೇ ಒಂದೊಂದು ಗೂಟ ಹೊಡೆದು ಫೋಟೋ ತೆಗೆದಿಟ್ಕೊಳ್ಳಿ, ಜೆಸಿಬಿ ಬರೋದು ಆಮೇಲೆ.