ಹೈಬ್ರಿಡ್ ಬೀಜವೆಲ್ಲ ಕುಲಾಂತರಿಯೇ? ಬಿಲ್ ಇಲ್ಲದ ಹತ್ತಿ ಬೀಜ ತಗೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಅಜ್ಜಂಪುರದ ಕಡೆ ಎರೆ ಹೊಲ, ಎರಡು ಎಕರೆ ಹತ್ತಿ, ಎರಡು ಎಕರೆ ಮುಸುಕಿನ ಜೋಳ. ಈಗ ಬರುವ ಹೈಬ್ರಿಡ್ ಎಲ್ಲವೂ ಕುಲಾಂತರಿ ಎಂದು ಅಂಗಡಿಯವರು ಹೇಳುತ್ತಾರೆ. ಕಳೆ ಔಷಧಿ ಹೊಡೆದರೂ ಸಾಯದ ಹತ್ತಿ ಬೀಜವನ್ನು ಇನ್ನೊಬ್ಬರು ಬಿಲ್ ಇಲ್ಲದೆ ಕೊಡುತ್ತೇನೆ ಎನ್ನುತ್ತಾರೆ. ಬೇರೆ ದೇಶಗಳಲ್ಲಿ ಎಲ್ಲ ಬೆಳೆಯುವಾಗ ನಮಗೇಕೆ ಇಲ್ಲ ಎಂಬುದು ಕೊನೆಯ ಪ್ರಶ್ನೆ.

ಅಂಗಡಿಯವರ ಮಾತು ತಪ್ಪು. ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಸೇರಿಸಿ ಮಾಡಿದ್ದು ಹೈಬ್ರಿಡ್. ಮುಸುಕಿನ ಜೋಳದಲ್ಲಿ ಹೆಣ್ಣು ಸಾಲಿನ ಸೂಲಂಗಿ ಕಿತ್ತು, ಪಕ್ಕದ ಗಂಡು ಸಾಲಿನ ಪರಾಗ ಬೀಳುವಂತೆ ಮಾಡಿದರೆ ಸಿಗುವ ಬೀಜ ಅದು. ಬೇರೆ ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿದರೆ ಮಾತ್ರ ಕುಲಾಂತರಿ. ನಮ್ಮ ಇಂಡಾಫ್ ರಾಗಿಯನ್ನೇ ನೋಡಿ: ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಮಾಡಿದ್ದು, ಹೆಸರಲ್ಲೇ ಇಂಡಿಯಾ, ಆಫ್ರಿಕ ಎರಡೂ ಇವೆ. ಅದು ಕುಲಾಂತರಿಯಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಎಸ್.795, ಚಂದ್ರಗಿರಿ ಕಾಫಿಯೂ ಅಲ್ಲ. ರೆಡ್ ಲೇಡಿ ಪಪ್ಪಾಯಿಯೂ ಅಲ್ಲ, ಅದು ತೈವಾನಿನ ಹೈಬ್ರಿಡ್.

ಭಾರತದಲ್ಲಿ ರೈತರು ಬೆಳೆಯಲು ಅನುಮತಿ ಇದ್ದು ಹೊಲಕ್ಕೆ ಬಂದಿರುವ ಕುಲಾಂತರಿ ಬೆಳೆ ಬಿ.ಟಿ. ಹತ್ತಿ ಒಂದೇ. ಬಿ.ಟಿ. ಎಂಬ ಬ್ಯಾಕ್ಟೀರಿಯದಿಂದ ತೆಗೆದ, ಹುಳ ಕೊಲ್ಲುವ ಜೀನ್ ಇರುವ ಹತ್ತಿ ಅದು. 2002ರ ಮಾರ್ಚ್‌ನಲ್ಲಿ ಒಂದು ಜೀನಿನ ಹತ್ತಿಗೆ, 2006ರಲ್ಲಿ ಎರಡು ಜೀನಿನದಕ್ಕೆ ಒಪ್ಪಿಗೆ ಸಿಕ್ಕಿತು. ಬಿ.ಟಿ. ಬದನೆಯನ್ನು 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿಯಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ಇಂಥ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿಯ ಶಿಫಾರಸು ಸಿಕ್ಕಿತು. ಅದರ ಮೇಲೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಮುಸುಕಿನ ಜೋಳಕ್ಕೆ ಅನುಮತಿ ಇಲ್ಲ, ಹಾಗಾಗಿ ನಿಮ್ಮ ಜೋಳದ ಪ್ಯಾಕೆಟ್ ಬರೀ ಹೈಬ್ರಿಡ್.

ಬಿಲ್ ಇಲ್ಲದ ಬೀಜ ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಲೆಕ್ಕವೇ ಕೂಡುವುದಿಲ್ಲ. ಹೀಗೆ ಕದ್ದು ಬರುವ ಬೀಜದಲ್ಲಿ ಬಹಳಷ್ಟು ಹೈಬ್ರಿಡ್ ಹೊಲದ ಹತ್ತಿಯಿಂದಲೇ ತೆಗೆದದ್ದು, ಅಂದರೆ ಎರಡನೇ ಪೀಳಿಗೆಯದು. ಹೈಬ್ರಿಡ್ಡಿನ ಒಂದು ಪೋಷಕದಲ್ಲಿ ಮಾತ್ರ ಕಳೆ ಔಷಧಿ ತಾಳುವ ಜೀನ್ ಇದ್ದರೆ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದು ಗಿಡಕ್ಕೆ ಅದು ಬರುವುದಿಲ್ಲ. ಆ ಕಳೆ ಔಷಧಿ, ಅಂದರೆ ಗ್ಲೈಫೋಸೇಟ್, ಹೊಡೆದ ದಿನ ಏನೂ ಕಾಣದು. ವಾರ, ಹತ್ತು ದಿನ ಕಳೆದರೆ ಸಾಲಿನ ನಡುವೆ ಅಲ್ಲಲ್ಲಿ ಗಿಡ ಒಣಗಿ ನಿಂತಿರುತ್ತವೆ. ಉಳಿದವೂ ಒಂದೇ ಎತ್ತರಕ್ಕೆ ಬರುವುದಿಲ್ಲ, ಒಂದೇ ಸಲ ಕಾಯಿ ಬಿಡುವುದಿಲ್ಲ. ಗಾಳಿ ಇದ್ದ ದಿನ ಹೊಡೆದರೆ ಪಕ್ಕದವರ ರಾಗಿ, ಈರುಳ್ಳಿಯೂ ಹೋಗುತ್ತದೆ, ಆಮೇಲೆ ಜಗಳ ಬೇರೆ. ಗ್ಲೈಫೋಸೇಟನ್ನು ಹತ್ತಿ ಬೆಳೆಯ ಮೇಲೆ ಹೊಡೆಯಲು ನಮ್ಮಲ್ಲಿ ನೋಂದಣಿಯೇ ಇಲ್ಲ. ಮೊಳಕೆ ಬರಲಿಲ್ಲ ಅಂತ ದೂರು ಕೊಡಲು ಹೋದರೆ ಮೊದಲು ಕೇಳುವುದು ಬಿಲ್ಲು ಮತ್ತು ಲಾಟ್ ನಂಬರು.

ಸರಿಯಾದ ಪ್ಯಾಕೆಟ್ 475 ಗ್ರಾಮಿನದು. ಮೇಲೆ ಕಂಪನಿ, ಲಾಟ್ ಸಂಖ್ಯೆ, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ, ದರ ಇರಬೇಕು. ದರ ಪ್ರತಿವರ್ಷ ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ, ಅದಕ್ಕಿಂತ ಹೆಚ್ಚು ಕೇಳಿದರೆ ರೈತ ಸಂಪರ್ಕ ಕೇಂದ್ರಕ್ಕೆ ಹೇಳಿ. ಖಾಲಿ ಪ್ಯಾಕೆಟ್ ಎಸೆಯಬೇಡಿ, ಒಂದು ಹಿಡಿ ಬೀಜವನ್ನು ಅದರಲ್ಲೇ ಉಳಿಸಿ, ಬಿಲ್ಲಿನ ಜೊತೆ ಕೊನೆಯ ಬಿಡಿಸುವವರೆಗೆ ಇಟ್ಟುಕೊಳ್ಳಿ. ಬೀಜದ ಮೇಲೆ ಅನುಮಾನ ಬಂದರೆ ಎಲೆಯ ಪಟ್ಟಿ ಪರೀಕ್ಷೆ ಇದೆ: ಎಳೆ ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಒಂದೇ ಗೆರೆ ಬಂದರೆ ಜೀನ್ ಇಲ್ಲ, ಎರಡು ಬಂದರೆ ಇದೆ. ಒಂದೂ ಬಾರದಿದ್ದರೆ ಪಟ್ಟಿಯೇ ಕೆಟ್ಟಿದೆ.

ಬಿ.ಟಿ. ಹಾಕಿದರೂ ಹುಳ ಏಕೆ ಎಂದು ಮುಂದೆ ಕೇಳಿಯೇ ಕೇಳುತ್ತೀರಿ. ಬಿ.ಟಿ. ಕೆಲಸ ಮಾಡುವುದು ಕಾಯಿಕೊರಕದಂಥ ಮರಿಹುಳುಗಳ ಮೇಲೆ. ಜಿಗಿಹುಳು, ಥ್ರಿಪ್ಸ್, ಬಿಳಿನೊಣಕ್ಕೆ ಅದು ಲೆಕ್ಕಕ್ಕೇ ಇಲ್ಲ. ಮರಿಹುಳುಗಳಲ್ಲೂ ಗುಲಾಬಿ ಕಾಯಿಕೊರಕ ಪಾರಾಗುವುದನ್ನು ಕಲಿತಿದೆ. ಗುಜರಾತಿನಲ್ಲಿ ಅದು 2010ರ ಹೊತ್ತಿಗೆ ಮೊದಲ ಜೀನನ್ನು, ಮುಂದಿನ ನಾಲ್ಕೈದು ವರ್ಷದಲ್ಲಿ ಎರಡನೆಯದನ್ನೂ ಗೆದ್ದಿತು. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ ಎಲ್ಲ ತಿನ್ನುತ್ತದೆ, ಅದರ ಸಂತತಿಯ ದೊಡ್ಡ ಪಾಲು ವಿಷ ಮುಟ್ಟದೆ ಬೆಳೆಯುತ್ತದೆ. ಗುಲಾಬಿ ಹುಳಕ್ಕೆ ಹೆಚ್ಚುಕಡಿಮೆ ಹತ್ತಿಯೊಂದೇ ಊಟ. ಹೊಲವೆಲ್ಲ ಬಿ.ಟಿ. ಆದಾಗ ಬದುಕುಳಿದ ಗಟ್ಟಿ ಹುಳಗಳು ತಮ್ಮತಮ್ಮಲ್ಲೇ ಕೂಡಿ ಸಂತತಿ ಬೆಳೆಸಿದವು. ಇದನ್ನು ತಡೆಯಲೆಂದೇ ಮೊದಲು 450 ಗ್ರಾಂ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜದ ಪೊಟ್ಟಣ ಕೊಡುತ್ತಿದ್ದರು, ಹೊಲದ ಸುತ್ತ ಸಾಲು ಹಾಕಲಿ, ವಿಷ ಮುಟ್ಟದ ಹುಳ ಅಲ್ಲಿ ಬೆಳೆದು ಗಟ್ಟಿ ಹುಳದ ಜೊತೆ ಕೂಡಲಿ ಅಂತ. ಹೆಚ್ಚಿನವರು ಅದನ್ನು ಬದುವಿಗೆ ಎಸೆದರು. ರೈತರನ್ನಷ್ಟೇ ದೂರಿ ಫಲವಿಲ್ಲ, ಹುಳ ತಿನ್ನಲೆಂದೇ ಸಾಲು ಬೆಳೆಸಿ ಎಂದರೆ ಯಾರು ಬೆಳೆಸುತ್ತಾರೆ? ಈಗ ಸಾದಾ ಬೀಜವನ್ನು ಪ್ಯಾಕೆಟ್ಟಿನಲ್ಲೇ ಬೆರೆಸಿರುತ್ತಾರೆ, ಆರಿಸಿ ತೆಗೆಯಲು ಹೋಗಬೇಡಿ.

ನಮ್ಮ ಹೈಬ್ರಿಡ್ ಪದ್ಧತಿಯದ್ದೇ ಇನ್ನೊಂದು ತೊಡಕು. ಗಿಡ ಬಿ.ಟಿ. ಇರಬಹುದು, ಕಾಯಿಯೊಳಗಿನ ಬೀಜ ಮುಂದಿನ ಪೀಳಿಗೆಯದು, ಎಲ್ಲವೂ ಹಾಗಿರುವುದಿಲ್ಲ. ಒಂದೇ ಕಾಯಿಯಲ್ಲಿ ಕೆಲವು ಬೀಜದಲ್ಲಿ ಎರಡೂ ಜೀನ್, ಕೆಲವದರಲ್ಲಿ ಒಂದು, ಹದಿನಾರಕ್ಕೊಂದರಲ್ಲಿ ಯಾವುದೂ ಇಲ್ಲ. ಬೀಜ ತಿನ್ನುವ ಗುಲಾಬಿ ಹುಳಕ್ಕೆ ಇದು ಸ್ವಲ್ಪ ಸ್ವಲ್ಪವೇ ವಿಷ ಅಭ್ಯಾಸ ಮಾಡಿಸಿದ ಹಾಗೆ.

ಮಾಡಬೇಕಾದದ್ದು: ಬಿತ್ತಿದ 45ನೇ ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ. ಬಲೆಯೊಳಗೆ ಇಡುವ, ಪತಂಗ ಸೆಳೆಯುವ ಲ್ಯೂರ್ ಕೊಳ್ಳುವಾಗ ಗುಲಾಬಿ ಹುಳದ ಗಾಸಿಪ್ಲೂರ್ ಎಂದೇ ಕೇಳಿ, ಹೆಲಿಲ್ಯೂರ್ ಹಸಿರು ಕಾಯಿಕೊರಕದ್ದು, ಕೌಂಟರಿನಲ್ಲಿ ಸುಲಭವಾಗಿ ಅದಲುಬದಲಾಗುತ್ತದೆ. ಸತತ ಮೂರು ರಾತ್ರಿ ಬಲೆಗೆ ಎಂಟು ಪತಂಗ ಬಿದ್ದರೆ ಔಷಧಿಗೆ ತಯಾರಾಗಿ. ಮುದುಡಿದ ಗುಲಾಬಿ ಮೊಗ್ಗಿನ ಹಾಗೆ ಕಾಣುವ, ಅರಳದ ಹೂ ಸಿಕ್ಕರೆ ಕಿತ್ತು ಸುಡಿ, ಒಳಗೆ ಮರಿ ಇರುತ್ತದೆ. ವಾರಕ್ಕೊಮ್ಮೆ ಬೇರೆ ಬೇರೆ ಗಿಡದಿಂದ 20 ಹಸಿ ಕಾಯಿ ಒಡೆದು ನೋಡಿ. ಎರಡರಲ್ಲಿ ಜೀವಂತ ಹುಳ ಇದ್ದರೆ ಮಿತಿ ದಾಟಿದೆ ಎಂದರ್ಥ. 60ರಿಂದ 90 ದಿನದೊಳಗಾದರೆ ಪ್ರೊಫೆನೊಫಾಸ್ 50 ಇ.ಸಿ. ಲೀಟರಿಗೆ 2 ಮಿ.ಲೀ., ಆಮೇಲೆ 120ರವರೆಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಲೀಟರಿಗೆ ಅರ್ಧ ಗ್ರಾಂ. ಸೈಪರ್‌ಮೆಥ್ರಿನ್ ಜಾತಿಯದನ್ನು 120 ದಿನಕ್ಕೆ ಮೊದಲು ಮುಟ್ಟಬೇಡಿ, ಬಿಳಿನೊಣ ಏಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಡಿಸೆಂಬರ್ ಕೊನೆಗೆ ಬೆಳೆ ಮುಗಿಸುವುದು. ಇನ್ನೊಂದು ಬಿಡಿಸುವಿಕೆಗೆ ಆಸೆಪಟ್ಟು ನೀರು ಕೊಟ್ಟು ಫೆಬ್ರವರಿಗೆ ಎಳೆದರೆ ಮುಂದಿನ ವರ್ಷದ ಹುಳವನ್ನು ನೀವೇ ಸಾಕಿದಂತೆ. ಕಟ್ಟಿಗೆಯನ್ನು ಸೌದೆಗೆಂದು ಬದುವಿನಲ್ಲಿ ಒಟ್ಟಬೇಡಿ.

ಬೇರೆ ದೇಶಗಳ ಮಾತು. ಎಲ್ಲ ಕಡೆ ಒಂದೇ ಕಥೆಯಲ್ಲ. ಬಾಂಗ್ಲಾದೇಶ 2013ರಲ್ಲಿ ನಾಲ್ಕು ಬಿ.ಟಿ. ಬದನೆ ತಳಿ ಒಪ್ಪಿತು. ಅವು ಹೈಬ್ರಿಡ್ ಅಲ್ಲ, ರೈತ ಬೀಜ ಎತ್ತಿಟ್ಟುಕೊಳ್ಳಬಹುದು. ನಮ್ಮ ಹತ್ತಿಗೆ ಸಿಗದ ಅನುಕೂಲ ಇದೇ ಎಂದು ನನ್ನ ಅಭಿಪ್ರಾಯ. ಬುರ್ಕಿನಾ ಫಾಸೊ 2008ರಿಂದ ಬಿ.ಟಿ. ಹತ್ತಿ ಬೆಳೆದು 2016ರ ಹೊತ್ತಿಗೆ ಕೈಬಿಟ್ಟಿತು: ಹುಳ ಕಡಿಮೆಯಾಯಿತು, ಆದರೆ ಹತ್ತಿಯ ಎಳೆ ಗಿಡ್ಡವಾಗಿ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು. ನೈಜೀರಿಯಾ 2019ರಲ್ಲಿ ಕಾಯಿಕೊರಕ ತಡೆಯುವ ಅಲಸಂದೆಗೆ ಅನುಮತಿ ಕೊಟ್ಟಿತು. ಅದು ತಡೆಯುವ ಮರೂಕ ಹುಳ ನಮ್ಮ ಅವರೆ, ತೊಗರಿಯ ಹೂವಿಗೆ ಬಲೆ ಕಟ್ಟುವುದೇ. ಫಿಲಿಪ್ಪೀನ್ಸ್‌ನಲ್ಲಿ ಬಿ.ಟಿ. ಮುಸುಕಿನ ಜೋಳ 2003ರಿಂದ ಇದೆ, ಅದೇ ದೇಶದ ಕೋರ್ಟು 2024ರಲ್ಲಿ ಗೋಲ್ಡನ್ ರೈಸ್ ಎಂಬ ಕುಲಾಂತರಿ ಭತ್ತದ ಅನುಮತಿ ರದ್ದು ಮಾಡಿತು.

ಜೋಳಕ್ಕೆ ಬಿ.ಟಿ. ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಕಂಡ ಫಾಲ್ ಸೈನಿಕ ಹುಳು ಬ್ರೆಜಿಲ್‌ನಲ್ಲಿ ಬಿ.ಟಿ. ಜೋಳವನ್ನೂ ಕೆಲವೇ ವರ್ಷದಲ್ಲಿ ಜೀರ್ಣಿಸಿಕೊಂಡಿತು. ಬಿತ್ತಿದ ಎರಡನೇ ವಾರದಿಂದ ಸುಳಿ ಬಿಡಿಸಿ ನೋಡುತ್ತಿರಿ. ನೂರಕ್ಕೆ ಐದು ಗಿಡದಲ್ಲಿ ಎಲೆ ತೂತು ಕಂಡರೆ 1500 ಪಿ.ಪಿ.ಎಂ. ಬೇವಿನ ಔಷಧಿ ಲೀಟರಿಗೆ 5 ಮಿ.ಲೀ., ಹತ್ತು ದಾಟಿದರೆ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್.ಸಿ. ಲೀಟರಿಗೆ 0.4 ಮಿ.ಲೀ. ಸಂಜೆ ಹೊತ್ತು, ನಾಝಲ್ ಸುಳಿಯೊಳಗೆ ಇಳಿಯುವಂತೆ ಹಿಡಿದು ಹೊಡೆಯಿರಿ. ಎಲೆಯ ಮೇಲೆ ಚೆಲ್ಲಿದ ಔಷಧಿ ಸುಳಿಯೊಳಗೆ ತನ್ನ ಹಿಕ್ಕೆಯ ಅಡಿ ಕೂತ ಹುಳವನ್ನು ಮುಟ್ಟುವುದಿಲ್ಲ. ಸೂಲಂಗಿ ಬಂದ ಮೇಲೆ ಔಷಧಿ ಹೊಡೆಯುವುದು ದಂಡ.